ಖಾಲಿ ಲೋಟ ಹೋಗಲಿ, ಕಾಫಿ ಕೂತಲ್ಲೇ ತುಂಬಲಿ

ಮಂಡಿ ಬದಲಿಸಿಕೊಂಡವರಿಗೆ ಆಸ್ಪತ್ರೆಯಿಂದ ಹೊರಡುವ ಮುಂಚೆ ವಾಕರ್ ಹಿಡಿದು ನಡೆಯುವುದನ್ನು ಕಲಿಸುತ್ತಾರೆ, ಮೆಟ್ಟಿಲು ಹತ್ತಿಳಿಯುವುದನ್ನು ಹೇಳಿಕೊಡುತ್ತಾರೆ, ಕಮೋಡಿನ ಮೇಲೆ ಕೂತು ಏಳುವ ಬಗೆಯನ್ನೂ ತೋರಿಸುತ್ತಾರೆ. ಎರಡೂ ಕೈ ವಾಕರ್ ಮೇಲಿರುವಾಗ ಅಡುಗೆಮನೆಯಲ್ಲಿ ಬೆರೆಸಿದ ಕಾಫಿ ಹಜಾರದ ಕುರ್ಚಿಯವರೆಗೆ ಹೇಗೆ ಬರಬೇಕು ಎಂಬ ಮಾತು ಮಾತ್ರ ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಮನೆಗೆ ಬಂದ ಎರಡು ಮೂರು ದಿನಕ್ಕೆ ಅದೇ ಮುಖ್ಯ ಪ್ರಶ್ನೆಯಾಗಿ ಕೂರುತ್ತದೆ. ಕೋಲು ಹಿಡಿದವರ ಪಾಡು ಸ್ವಲ್ಪ ವಾಸಿ, ಒಂದು ಕೈಯಾದರೂ ಖಾಲಿ ಇದೆಯಲ್ಲ ಎನಿಸಬಹುದು. ಆ ಖಾಲಿ ಕೈ ಯಾವುದು ಎಂದು ನೋಡಬೇಕು. ಮಂಡಿ, ಸೊಂಟದ ನೋವಿದ್ದವರು ಕೋಲನ್ನು ನೋಯುವ ಕಾಲಿನ ಎದುರು ಮಗ್ಗುಲಿನ ಕೈಯಲ್ಲಿ ಹಿಡಿಯಬೇಕು. ಹಾಗಾಗಿ ಲೋಟ ಸಿಗುವುದು ನೋವಿನ ಮಗ್ಗುಲಿನ ಕೈಗೆ, ಹೆಜ್ಜೆ ಊರಿದಾಗಲೆಲ್ಲ ಮೈ ವಾಲುವ ಕಡೆಗೆ. ಲಕ್ವ ಹೊಡೆದವರಲ್ಲಿ ಗಟ್ಟಿ ಇರುವ ಕೈ ಕೋಲಿಗೆ ಹೋಗುತ್ತದೆ, ಖಾಲಿ ಉಳಿಯುವುದು ಸ್ವಾಧೀನ ತಪ್ಪಿದ ಕೈ. ಪಾರ್ಕಿನ್ಸನ್ ಇದ್ದವರಿಗೆ ಕೈಯಿದ್ದೂ ನಡುಕ ಬಿಡುವುದಿಲ್ಲ.

ಇಂಥವರಿಗೆ ಸಿಗುವ ಬುದ್ಧಿಮಾತುಗಳೆಲ್ಲ ಲೋಟವನ್ನು ಹುಷಾರಾಗಿ ಒಯ್ಯುವುದು ಹೇಗೆ ಎಂಬುದರ ಸುತ್ತಲೇ ಇರುತ್ತವೆ: ಮೆಲ್ಲಗೆ ನಡಿ, ಅರ್ಧ ತುಂಬು, ಎರಡು ಕೈಯಲ್ಲಿ ಹಿಡಿ. ನನ್ನ ವಾದ ಬೇರೆ. ನಡೆಯಲು ಆಸರೆ ಬೇಕಾದವರ ಕೈಯಲ್ಲಿ ಬಾಯಿ ತೆರೆದ ಬಿಸಿ ಲೋಟ ಪ್ರಯಾಣ ಮಾಡುವುದನ್ನೇ ನಿಲ್ಲಿಸಬೇಕು. ಕುಡಿಯುವ ಜಾಗದಲ್ಲೇ ತುಂಬಿಕೊಳ್ಳುವಂತೆ ಮನೆಯನ್ನು ಒಂದಿಷ್ಟು ಬದಲಿಸಿಕೊಳ್ಳುವುದು ಮೊದಲ ಆಯ್ಕೆ. ಆಗದಿದ್ದರೆ ಬಿಗಿ ಮುಚ್ಚಳದೊಳಗೆ, ಕೈಗೆ ಹೊರೆಯಾಗದಂತೆ ಸಾಗಿಸುವುದು ಎರಡನೆಯದು. ಕೈಯಲ್ಲಿ ಹಿಡಿದು ತರುವುದು ಇವೆರಡೂ ಸಾಧ್ಯವಿಲ್ಲದಿದ್ದಾಗ ಮಾತ್ರ, ಅದೂ ತಣ್ಣನೆಯ ನೀರಿಗೆ.

ನಿಧಾನವಾಗಿ, ಎಚ್ಚರದಿಂದ ನಡೆದರಾಯಿತಲ್ಲ ಎಂಬುದು ಸಹಜವಾದ ಆಕ್ಷೇಪ. ಎಚ್ಚರಕ್ಕೂ ಒಂದು ಮಿತಿ ಇದೆ ಎಂಬುದನ್ನು ಸ್ವೀಡನ್ನಿನ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು ತುಂಬ ಸರಳವಾಗಿ ತೋರಿಸಿದರು. ಆಶ್ರಯ ವಸತಿಗಳಲ್ಲಿದ್ದ 58 ಹಿರಿಯರ ಜೊತೆ ನಡೆಯುತ್ತಾ ಮಾತಿಗೆಳೆದಾಗ 12 ಮಂದಿ ಉತ್ತರ ಕೊಡಲು ನಡಿಗೆಯನ್ನೇ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ವರದಿಯ ಮರುವರ್ಷ ಅದೇ ತಂಡ ನೀರಿನ ಲೋಟವನ್ನೇ ಪರೀಕ್ಷೆಗೆ ತಂದಿತು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯೊಂದು 1991ರಿಂದ ಬಳಕೆಯಲ್ಲಿತ್ತು. ಅದನ್ನು ಒಮ್ಮೆ ಬರಿಗೈಯಲ್ಲಿ, ಇನ್ನೊಮ್ಮೆ ನೀರಿನ ಲೋಟ ಹಿಡಿದು ಮಾಡಿಸಿದರು. ಲೋಟ ಹಿಡಿದಾಗ ನಾಲ್ಕೂವರೆ ಸೆಕೆಂಡ್ ಅಥವಾ ಹೆಚ್ಚು ತಡವಾದವರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಂಭವ ಹೆಚ್ಚೆಂದು ಕಂಡಿತು. ಇದಕ್ಕೆ ಒಂದು ತಿದ್ದುಪಡಿಯನ್ನೂ ಹೇಳಬೇಕು: 2000ದಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಲೋಟ ಹಿಡಿದ ಪರೀಕ್ಷೆ ಬೀಳುವವರನ್ನು ಗುರುತಿಸುವುದರಲ್ಲಿ ಬರಿಗೈ ಪರೀಕ್ಷೆಗಿಂತ ಮೇಲೇನೂ ಆಗಲಿಲ್ಲ. ಆದರೆ ಲೋಟ ಹಿಡಿದಾಗ ನಡಿಗೆ ನಿಧಾನವಾಯಿತೆಂಬುದು ಅಲ್ಲೂ ಬದಲಾಗಲಿಲ್ಲ. ಭವಿಷ್ಯ ಹೇಳುವುದು ಬೇರೆ, ಲೋಟ ನಡಿಗೆಯ ಪಾಲಿನ ಗಮನವನ್ನು ಕಿತ್ತುಕೊಳ್ಳುತ್ತದೆ ಎಂಬುದು ಬೇರೆ. ನಮಗೆ ಬೇಕಾದದ್ದು ಎರಡನೆಯದು. ಆರೋಗ್ಯವಂತರು ನಡೆಯುವುದನ್ನು ಮೈಗೆ ಒಪ್ಪಿಸಿ ತಲೆಯನ್ನು ಬೇರೆ ಕೆಲಸಕ್ಕೆ ಬಿಡಬಲ್ಲರು. ಕಾಲು ಸೋತವರು ಪ್ರತಿ ಹೆಜ್ಜೆಯನ್ನೂ ಗಮನಕೊಟ್ಟೇ ಇಡಬೇಕು. ಅವರಿಗೆ ಎಚ್ಚರವಾಗಿರು ಎಂದು ಹೇಳಿದರೆ ಇಲ್ಲದ ಹಣವನ್ನು ಖರ್ಚು ಮಾಡು ಎಂದಂತೆ.

ಇನ್ನು ಕಣ್ಣಿನ ವಿಷಯ. ನಡೆಯುವಾಗ ಕಾಫಿ ಯಾಕೆ ಚೆಲ್ಲುತ್ತದೆ ಎಂದು ಕ್ಯಾಲಿಫೋರ್ನಿಯಾದಲ್ಲಿ ಹಾನ್ಸ್ ಮೇಯರ್ ಮತ್ತು ರೌಸ್ಲನ್ ಕ್ರೆಚೆಟ್ನಿಕೋವ್ ಲೆಕ್ಕ ಹಾಕಿದರು. ಆ ಸಂಶೋಧನೆಗೆ 2012ರಲ್ಲಿ ತಮಾಷೆಯ ಇಗ್ ನೊಬೆಲ್ ಬಹುಮಾನವೂ ಬಂತು. ತಮಾಷೆ ಬದಿಗಿಟ್ಟರೆ ಉಪಯೋಗದ ಸಂಗತಿಗಳು ಅಲ್ಲಿವೆ. ಕಪ್ಪಿನ ಮೇಲೆ ದೃಷ್ಟಿ ನೆಟ್ಟು ನಡೆದವರು ಚೆಲ್ಲಿದ್ದು ಕಡಿಮೆ. ಸರಿ, ಆದರೆ ಕಪ್ಪಿನ ಮೇಲೆ ನೆಟ್ಟ ಕಣ್ಣಿಗೆ ನೆಲ ಕಾಣುವುದಿಲ್ಲ. ಕಾಲೊರಸು, ಬಚ್ಚಲ ಬಾಗಿಲಲ್ಲಿ ಒದ್ದೆಯಾದ ವಿಟ್ರಿಫೈಡ್ ಟೈಲ್ಸ್, ಹೊಸ್ತಿಲು, ನಡುವೆ ಬಂದ ಮೊಬೈಲ್ ಚಾರ್ಜರಿನ ವೈರು, ಎಲ್ಲವೂ ಇರುವುದು ಕೆಳಗೇ. ಸೀರೆ, ನೈಟಿ, ಪಂಚೆ ಉಟ್ಟವರು ಅಂಚು ಕಾಲಿಗೆ ಸಿಕ್ಕರೆ ಎತ್ತಿಕೊಳ್ಳಲು ಕೈ ಬೇಕು. ಒಂದರಲ್ಲಿ ಕೋಲು, ಒಂದರಲ್ಲಿ ಲೋಟ ಇರುವಾಗ ಮೂರನೇ ಕೈ ಎಲ್ಲಿಂದ ಬರಬೇಕು? ಕಾಫಿ ಚೆಲ್ಲದಂತೆ ನೋಡಿಕೊಂಡರೆ ಬೀಳುವ ಭಯ, ಬೀಳದಂತೆ ನೋಡಿಕೊಂಡರೆ ಕಾಫಿ ಚೆಲ್ಲುವ ಭಯ. ಎಚ್ಚರ ಹೆಚ್ಚಿಸಿದಷ್ಟೂ ಈ ಇಕ್ಕಟ್ಟು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಅದೇ ಲೆಕ್ಕದಿಂದ ಇನ್ನೆರಡು ಮಾತು. ಪಾತ್ರೆಯ ಬಾಯಿ ಎಷ್ಟು ಅಗಲವೋ ಅದರ ಎಂಟನೇ ಒಂದು ಭಾಗದಷ್ಟಾದರೂ ಮೇಲೆ ಜಾಗ ಬಿಡಬೇಕು. ಎಂಟು ಸೆಂಟಿಮೀಟರ್ ಬಾಯಿಯ ಮಗ್ಗಿಗೆ ಒಂದು ಸೆಂಟಿಮೀಟರ್. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಮನುಷ್ಯರ ಗುಣಕ್ಕೆ ಹೇಳಿದ ಗಾದೆ, ಲೋಟಕ್ಕೆ ಅನ್ವಯಿಸಿದರೆ ಅಂಗೈ ಸುಡುತ್ತದೆ. ಎರಡನೆಯದಾಗಿ, ಅಗಲ ಪಾತ್ರೆಯ ದ್ರವ ನಿಧಾನವಾಗಿ ಓಲಾಡುತ್ತದೆ, ಕಿರಿದಾದ ಲೋಟದ್ದು ಬೇಗ ಬೇಗ. ಇಪ್ಪತ್ತು ಸೆಂಟಿಮೀಟರ್ ಅಗಲದ ಬೋಗುಣಿಯಲ್ಲಿ ಸಾರು ಓಲಾಡುವ ವೇಗ ಸೆಕೆಂಡಿಗೆ ಸುಮಾರು ಎರಡು ಸಲ, ಅಂದರೆ ಹೆಚ್ಚುಕಡಿಮೆ ನಮ್ಮ ಹೆಜ್ಜೆಯ ವೇಗವೇ. ಎರಡೂ ಜೊತೆಗೂಡಿದಾಗ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳು ಬಿದ್ದಂತೆ ಸಾರು ಏರುತ್ತಾ ಹೋಗುತ್ತದೆ. ಹಾಗಾಗಿ ಸಾರಿನ ಬೋಗುಣಿ, ಹಾಲಿನ ಪಾತ್ರೆಗಳನ್ನು ಒಯ್ಯುವುದಕ್ಕಿಂತ ಕಾಫಿ ಲೋಟವೇ ಲೇಸು. ನೊರೆಯೂ ನೆರವಿಗೆ ಬರುತ್ತದೆ: ಮೇಲೆ ಕೆಲವೇ ಪದರ ಗುಳ್ಳೆಗಳಿದ್ದರೂ ದ್ರವದ ಓಲಾಟ ಗಣನೀಯವಾಗಿ ತಗ್ಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ನೊರೆ ಬರಿಸುವ ನಮ್ಮ ಫಿಲ್ಟರ್ ಕಾಫಿಯ ಪದ್ಧತಿಗೆ ಇದೊಂದು ಅನಿರೀಕ್ಷಿತ ಸಮರ್ಥನೆ; ಹೊಯ್ದಾಗ ಬಿಸಿಯೂ ಇಳಿಯುತ್ತದೆ. ಆದರೂ ಈ ಲೆಕ್ಕಗಳೆಲ್ಲ ಒಂದೇ ಲಯದಲ್ಲಿ ಹೆಜ್ಜೆಯಿಡುವವರನ್ನು ಇಟ್ಟುಕೊಂಡು ಮಾಡಿದವು. ಕುಂಟುವ ಕಾಲಿಗೆ, ತಡವರಿಸುವ ಕಾಲಿಗೆ ಯಾವ ಲೆಕ್ಕವೂ ಭರವಸೆ ಕೊಡಲಾರದು.

ಸುಡುವ ವಿಷಯವನ್ನು ನಾವು ಹಗುರವಾಗಿ ಕಾಣುತ್ತೇವೆ, ಬಿಸಿಬಿಸಿ ಎಂಬುದು ನಮ್ಮಲ್ಲಿ ಹೊಗಳಿಕೆಯಾದ್ದರಿಂದಲೋ ಏನೋ. ಚರ್ಮದ ಸುಟ್ಟಗಾಯಗಳ ಬಗ್ಗೆ ಇಂದಿಗೂ ಆಧಾರವಾಗಿರುವುದು ಮೋರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಅಳತೆಗಳು. 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡಿನಲ್ಲಿ ಚರ್ಮದ ಆಳದವರೆಗೆ ಸುಡುತ್ತದೆ, 70 ಡಿಗ್ರಿಗೆ ಒಂದು ಸೆಕೆಂಡ್ ಸಾಕು. ಒಲೆಯಿಂದ ಆಗಷ್ಟೇ ಇಳಿಸಿದ ಕಾಫಿ, ಕಷಾಯ ಇದಕ್ಕಿಂತ ಬಿಸಿ. ವಯಸ್ಸಾದವರ ಚರ್ಮ ತೆಳು, ಒದ್ದೆ ಬಟ್ಟೆಯನ್ನು ಬೇಗ ಕಿತ್ತೊಗೆಯುವ ಚುರುಕು ಕೈಗಿರುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತವರು ಲೋಟವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಚಕ್ರ ತಿರುಗಿಸುವುದುಂಟು. ಬೆನ್ನುಹುರಿಗೆ ಪೆಟ್ಟಾಗಿ ಕೆಳಮೈಯ ಸ್ಪರ್ಶಜ್ಞಾನ ಹೋದವರಿಗೆ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ತೊಡೆಯ ಮೇಲೆ ಬಿಸಿ ಪಾನೀಯ ಎಂದಿಗೂ ಬೇಡ. ನಮ್ಮ ಸ್ಟೀಲ್ ಲೋಟವನ್ನೂ ಒಮ್ಮೆ ಗಮನಿಸಿ. ಒಂದೇ ಪದರದ ಲೋಹ ಬಿಸಿಯನ್ನು ನೇರವಾಗಿ ಬೆರಳಿಗೆ ದಾಟಿಸುವುದರಿಂದ ನಾವೆಲ್ಲ ಅದನ್ನು ಕಂಠದಲ್ಲಿ, ಹೊರಚಾಚಿದ ಅಂಚಿನ ಕೆಳಗೆ ಎರಡು ಬೆರಳ ತುದಿಯಲ್ಲಿ ಹಿಡಿಯುತ್ತೇವೆ. ಗಂಟುಗಳು ಊದಿದ ಕೈಗೆ ಇಷ್ಟು ನಾಜೂಕಿನ ಹಿಡಿತ ದಕ್ಕುವುದಿಲ್ಲ. ಇಡೀ ಬೆರಳು ತೂರುವಷ್ಟು ದೊಡ್ಡ ಹಿಡಿಯ, ತಳ ಅಗಲವಾದ, ಎರಡು ಪದರದ ಮಗ್ಗು ಇವರಿಗೆ ಸೂಕ್ತ. ಹಾಗೆಯೇ ಕುದಿಯುವ ಕಾಫಿಯೇ ರುಚಿ ಎಂಬ ನಂಬಿಕೆಯನ್ನು ಸ್ವಲ್ಪ ಬಿಡಬೇಕು. ರುಚಿಯೂ ಉಳಿದು ಅಪಾಯವೂ ತಗ್ಗುವ ಬಿಸಿ ಸುಮಾರು 58 ಡಿಗ್ರಿ ಎಂದು 2008ರ ಒಂದು ಲೆಕ್ಕಾಚಾರ ಹೇಳುತ್ತದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ಇಷ್ಟೆಲ್ಲ ಕಷ್ಟವಿದ್ದರೆ ಹಿರಿಯರು ಏನು ಮಾಡುತ್ತಾರೆ? ಯಾರಿಗೂ ಹೇಳದೆ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನನಗೆ ಎಲ್ಲಕ್ಕಿಂತ ಗಂಭೀರ ಎನಿಸುವುದು ಇದೇ. ನೀರು ತರುವ ತಾಪತ್ರಯ, ಕುಡಿದ ಮೇಲೆ ಬಚ್ಚಲಿಗೆ ಹೋಗುವ ತಾಪತ್ರಯ, ಎರಡನ್ನೂ ಒಂದೇ ಏಟಿಗೆ ತಪ್ಪಿಸುವ ದಾರಿಯಂತೆ ಅದು ಕಾಣುತ್ತದೆ. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುವುದರಿಂದ ಮೈ ಎಚ್ಚರಿಸುವುದಿಲ್ಲ. ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಯ ಪ್ರಕಾರ ಹಿರಿಯ ಮಹಿಳೆಯರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಪುರುಷರಿಗೆ ಕನಿಷ್ಠ 2 ಲೀಟರ್ ಪಾನೀಯ ಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು ಎಂಬುದು ಬೇರೆ ಮಾತು. ನೀರು ಕಮ್ಮಿಯಾದರೆ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಬೀಳುವ ಭಯಕ್ಕೆ ನೀರು ಬಿಟ್ಟವರು ನೀರಿಲ್ಲದೆ ಬೀಳುತ್ತಾರೆ.

ಹಾಗಾದರೆ ದಾರಿ? ಕೂರುವ ಕುರ್ಚಿಯ ಪಕ್ಕ, ಗಟ್ಟಿಯಾದ ಕೈಯಿರುವ ಮಗ್ಗುಲಿಗೆ, ಅಲ್ಲಾಡದ ಒಂದು ಪುಟ್ಟ ಮೇಜು. ಅದರ ಮೇಲೆ ದಿನದ ಪಾನೀಯ. ಬೆಳಿಗ್ಗೆ ಮನೆಯವರೋ ಕೆಲಸದವರೋ ಅರ್ಧ ಲೀಟರಿನ ಮೂರು ನಾಲ್ಕು ಬಾಟಲಿಗಳಲ್ಲಿ ನೀರು, ಒಂದರಲ್ಲಿ ಮಜ್ಜಿಗೆ ತುಂಬಿಟ್ಟು ಹೋಗಬಹುದು. ಎರಡು ಲೀಟರಿನ ಒಂದೇ ಬಾಟಲಿ ಬೇಡ, ಎತ್ತಿ ಬಗ್ಗಿಸುವಾಗ ಮಣಿಕಟ್ಟು ಸೋಲುತ್ತದೆ. ಬಿಸಿಗೆ ನಮ್ಮ ಮದುವೆಮನೆಗಳಲ್ಲಿ ಕಾಣುವಂಥ ಪಂಪ್ ಫ್ಲಾಸ್ಕ್ ಒಳ್ಳೆಯದು. ಅದನ್ನು ಎತ್ತಬೇಕಿಲ್ಲ, ತಿರುಗಿಸಬೇಕಿಲ್ಲ, ಅಂಗೈಯಲ್ಲಿ ಒತ್ತಿದರೆ ಲೋಟಕ್ಕೆ ಬೀಳುತ್ತದೆ. ಫ್ಲಾಸ್ಕಿನ ಕಾಫಿ ಕಾಫಿಯೇ ಅಲ್ಲ ಎನ್ನುವವರ ದೂರು ನ್ಯಾಯವಾದದ್ದೇ. ಬೆರೆಸಿದ ಕಾಫಿ ಬಿಸಿಯಲ್ಲೇ ಕೂತು ರುಚಿಗೆಡುತ್ತದೆ. ಅದಕ್ಕೆ ಪರಿಹಾರ ಫಿಲ್ಟರಿನಲ್ಲೇ ಇದೆ: ಡಿಕಾಕ್ಷನ್ನನ್ನು ಬಿಗಿ ಮುಚ್ಚಳದ ಪುಟ್ಟ ಸೀಸೆಯಲ್ಲಿಟ್ಟು, ಬಿಸಿ ಹಾಲನ್ನಷ್ಟೇ ಫ್ಲಾಸ್ಕಿಗೆ ಹಾಕಿ, ಕುರ್ಚಿಯಲ್ಲಿ ಕೂತು ಬೆರೆಸಿಕೊಂಡರೆ ಹೊಸ ಕಾಫಿಯೇ. ಹಾಲನ್ನು ಒಂದೆರಡು ಗಂಟೆಗಿಂತ ಹೆಚ್ಚು ಇಡಬಾರದು, ಫ್ಲಾಸ್ಕಿನ ಕೊಳವೆಯನ್ನು ದಿನವೂ ತೊಳೆಯಬೇಕು. ವಿದ್ಯುತ್ ಕೆಟಲ್ ಇಡುವುದಾದರೆ ಅರ್ಧ ಲೀಟರಿನದು ಸಾಕು, ತಾನೇ ಆರುವಂಥದ್ದು ಬೇಕು. ತುಂಬಿದ ದೊಡ್ಡ ಕೆಟಲ್ ಎರಡು ಕಿಲೋ ದಾಟುತ್ತದೆ. ಕೆಟಲನ್ನು ನಲ್ಲಿಗೆ ಒಯ್ಯದೆ ಬಾಟಲಿಯ ನೀರನ್ನೇ ಅದಕ್ಕೆ ಹೊಯ್ಯಬೇಕು, ವೈರು ಮೇಜಿನಂಚಿನಿಂದ ಜೋತಾಡಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೆಟಲ್ ಬಿಟ್ಟು ಫ್ಲಾಸ್ಕಿಗೇ ನಿಲ್ಲುವುದು ಮೇಲು.

ಒಂಟಿಯಾಗಿರುವವರಿಗೆ ಬೇರೆ ಲೆಕ್ಕ. ತುಂಬಿಕೊಡುವವರಿಲ್ಲದಿದ್ದರೆ ಕೂರುವ ಜಾಗವನ್ನೇ ಅಡುಗೆಮನೆಗೆ ತರಬಹುದು. ಕಟ್ಟೆಯ ಪಕ್ಕ ಕೈಯಿರುವ ಒಂದು ಗಟ್ಟಿ ಕುರ್ಚಿ, ಕಾಫಿ ಅಲ್ಲೇ ಮುಗಿಸಿ ಬರಿಗೈಯಲ್ಲಿ ಹಜಾರಕ್ಕೆ. ಕಟ್ಟೆಯುದ್ದಕ್ಕೂ ಪಾತ್ರೆಯನ್ನು ಎತ್ತದೆ ಗ್ರಾನೈಟಿನ ಮೇಲೆ ಜಾರಿಸುವ ರೂಢಿ ಮಾಡಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ತಟ್ಟೆ ದಾಟಿಸುವ ಕಿಂಡಿ ಇರುತ್ತದೆ, ಉಪ್ಪಿನಕಾಯಿ ಭರಣಿಗಳೂ ಹಳೆಯ ಪತ್ರಿಕೆಗಳೂ ಅದನ್ನು ಮುಚ್ಚಿರುತ್ತವೆ. ಅದನ್ನು ತೆರವು ಮಾಡಿ, ಲೋಟವನ್ನು ಅಲ್ಲಿಟ್ಟು, ಸುತ್ತಿ ಬಂದು ಆಚೆಯಿಂದ ತೆಗೆದುಕೊಂಡರೆ ಅರ್ಧ ದಾರಿ ಕಳೆಯಿತು. ಲೋಟ ನೇರ ಹೋಗುತ್ತದೆ, ಮನುಷ್ಯ ಬಳಸಿ ಬರುತ್ತಾನೆ.

ಒಯ್ಯಲೇಬೇಕಾದಾಗ ಮುಚ್ಚಳ. ಹಿಂದೆ ಪ್ರಯಾಣಕ್ಕೆ ಹೊರಟವರ ಕೈಯಲ್ಲಿ ತಿರುಗಣಿ ಮುಚ್ಚಳದ ಹಿತ್ತಾಳೆ ಕೂಜಾ ಇರುತ್ತಿತ್ತು. ಕುಲುಕಾಡುವ ದಾರಿಗೆ ತೆರೆದ ಪಾತ್ರೆ ಸಲ್ಲದು ಎಂಬುದು ಆಗಲೇ ಗೊತ್ತಿತ್ತು. ಈಗ ತಿರುಪಿನ ಮುಚ್ಚಳದ ಸ್ಟೀಲ್ ಟಂಬ್ಲರು, ಬಾಟಲಿಗಳು ಪಾತ್ರೆ ಅಂಗಡಿಗಳಲ್ಲೆಲ್ಲ ಸಿಗುತ್ತವೆ. ಒತ್ತಿ ಕೂರಿಸುವ ಮುಚ್ಚಳ ಬಿದ್ದರೆ ಹಾರುತ್ತದೆ, ತಿರುಪಿನದೇ ಇರಲಿ. ಒಂದು ಎಚ್ಚರಿಕೆ: ನಿರ್ವಾತ ಪದರದ ಟಂಬ್ಲರಿನಲ್ಲಿ ಕಾಫಿ ಗಂಟೆಗಟ್ಟಲೆ ಕುದಿಬಿಸಿಯಾಗಿಯೇ ಇರುವುದರಿಂದ ಮೊದಲೇ ಆರಿಸಿ ಹಾಕಬೇಕು. ಇದನ್ನು ಹಾಕಿಕೊಳ್ಳಲು ಹೆಗಲಿನಿಂದ ಎದೆಗೆ ಅಡ್ಡ ಹಾಕುವ ಚೀಲ, ಇಲ್ಲವೇ ವಾಕರಿನ ಚೀಲ. ಬಡ ಹಿರಿಯರಿಗೆ ಕೋಲು, ವಾಕರುಗಳು 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತವೆ. ಚೀಲವನ್ನು ಮಾತ್ರ ಹಳೆಯ ಜೀನ್ಸ್ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದುಕೊಳ್ಳಬಹುದು. ಅದು ಮುಂಭಾಗದ ಅಡ್ಡಸರಳಿನ ನಡುವೆ, ಚೌಕಟ್ಟಿನ ಒಳಗಡೆಗೆ ಬರಬೇಕು, ಕಾಲಿಗೆ ತಾಗಬಾರದು. ಒಂದೇ ಮಗ್ಗುಲಿಗೆ ತೂಗುಹಾಕಿದರೆ ವಾಕರ್ ಆ ಕಡೆಗೆ ವಾಲುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ವಾಕರಿನ ಮೇಲೆ ಕೂರಿಸುವ ಟ್ರೇಗಳೂ ಸಿಗುತ್ತವೆ. ಆದರೆ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಗಾಲಿಯಿಲ್ಲದ ಅಲ್ಯೂಮಿನಿಯಂ ವಾಕರ್, ಪ್ರತಿ ಹೆಜ್ಜೆಗೂ ಎತ್ತಿ ಇಡುವಂಥದ್ದು. ಟ್ರೇ ಮೇಲಿನ ತೆರೆದ ಲೋಟಕ್ಕೆ ಆ ಕುಕ್ಕು ತಡೆಯುವುದಿಲ್ಲ, ಮುಚ್ಚಳವಿದ್ದರಷ್ಟೇ ಟ್ರೇ ಕೆಲಸಕ್ಕೆ ಬರುತ್ತದೆ.

ಒಂದು ಕೈ ಗಟ್ಟಿಯಿದ್ದು, ಕೋಲಿಲ್ಲದೆ ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ ಚಹಾದಂಗಡಿಯ ಹುಡುಗರ ತಂತಿ ಸ್ಟ್ಯಾಂಡು ಒಳ್ಳೆಯ ಮಾದರಿ. ಇಸ್ತಾಂಬುಲಿನ ಚಹಾ ಒಯ್ಯುವವರು ಮೂರು ಸರಳಿನಿಂದ ತೂಗುವ ತಟ್ಟೆ ಬಳಸುತ್ತಾರೆ. ಮೇಲಿನಿಂದ ತೂಗುವ ತಟ್ಟೆ ಹೆಜ್ಜೆಯ ಜೊತೆ ತಾನೇ ಓಲುವುದರಿಂದ ಲೋಟದೊಳಗಿನ ದ್ರವ ಅಂಚು ದಾಟುವುದು ವಿರಳ, ಕಣ್ಣನ್ನು ನೆಲಕ್ಕೆ ಬಿಡಬಹುದು. ಗಾಲಿಯಿರುವ ಟ್ರಾಲಿಯನ್ನು ಹೊರದೇಶಗಳಲ್ಲಿ ಥೆರಪಿಸ್ಟರು ಧಾರಾಳವಾಗಿ ಸೂಚಿಸುತ್ತಾರೆ, ನಮ್ಮ ಮನೆಗಳಲ್ಲಿ ಅದು ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಹೊಸ್ತಿಲು ಪೂಜೆಯ ಜಾಗ, ಕೀಳು ಎನ್ನುವಂತಿಲ್ಲ. ಎರಡೂ ಕಡೆ ಇಳಿಜಾರಿನ ಮರದ ತುಂಡು ಇಟ್ಟರೆ ಕೆಲಸ ನಡೆಯುತ್ತದೆ. ಸಾಧಾರಣ ಅಡುಗೆಮನೆ ಟ್ರಾಲಿಯ ಮೇಲೆ ಮೈಭಾರ ಹಾಕುವಂತಿಲ್ಲ, ಅದು ಜಾರಿ ಮುಂದೆ ಓಡುತ್ತದೆ.

ಹೀಗೆ ಎಲ್ಲವನ್ನೂ ಕೂತಲ್ಲಿಗೇ ತಂದರೆ ಕಾಲು ಇನ್ನಷ್ಟು ಸೋಲುವುದಿಲ್ಲವೇ, ಎದ್ದು ಓಡಾಡುವ ನೆಪವೂ ತಪ್ಪುವುದಿಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ನಡಿಗೆ ಬೇಕೇ ಬೇಕು. ಆದರೆ ಇಲ್ಲಿ ತೆಗೆದದ್ದು ಲೋಟವನ್ನು, ನಡಿಗೆಯನ್ನಲ್ಲ. ಕಾಫಿ ಮುಗಿಸಿ ಎದ್ದು ಎರಡು ಕೈಯನ್ನೂ ವಾಕರಿಗೆ ಕೊಟ್ಟು ಅಂಗಳದವರೆಗೆ ಹೋಗಿ ಬರಲಿ. ಲೋಟ ಹಿಡಿದು ನಡೆಯುವ ಅಭ್ಯಾಸವನ್ನೇ ಕೆಲವು ಫಿಸಿಯೊಥೆರಪಿಸ್ಟರು ಮಾಡಿಸುತ್ತಾರೆ. ಅದು ಪಕ್ಕದಲ್ಲೊಬ್ಬರು ನಿಂತು, ಪ್ಲಾಸ್ಟಿಕ್ ಲೋಟದ ತಣ್ಣೀರಿನಲ್ಲಿ. ಮುಚ್ಚಳದ ಲೋಟ ಮಗುವಿನ ಲೋಟದಂತಿದೆ ಎಂದು ಮುಜುಗರ ಪಡುವವರಿಗೆ ಹೇಳಬೇಕಾದದ್ದು ಇಷ್ಟೇ: ಕೊಕ್ಕಿನ ಕಪ್ಪನ್ನು ಯಾರೂ ಒತ್ತಾಯಿಸುತ್ತಿಲ್ಲ. ಮುಚ್ಚಳ ದಾರಿಗೆ ಮಾತ್ರ, ಕೂತ ಮೇಲೆ ತೆಗೆದಿಟ್ಟು ಬಟ್ಟಲಿಗೆ ಹೊಯ್ದು ಕುಡಿಯಬಹುದು. ನುಂಗುವ ತೊಂದರೆ ಇದ್ದವರು ಕೊಕ್ಕಿನ ಕಪ್ಪು, ಸ್ಟ್ರಾಗಳನ್ನು ಸ್ಪೀಚ್ ಥೆರಪಿಸ್ಟರನ್ನು ಕೇಳದೆ ಬಳಸಬಾರದು. ಸೊಸೆ ಇದ್ದಾಳೆ, ಕರೆದರೆ ತರುತ್ತಾಳೆ ಎಂಬ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವಳೂ ಕೆಲಸಕ್ಕೆ ಹೋಗುತ್ತಾಳೆ. ಇದ್ದಾಗಲೂ ಪ್ರತಿ ಗುಟುಕಿಗೆ ಕೂಗಲು ಹಿಂಜರಿದು ಸುಮ್ಮನಿರುವವರೇ ಹೆಚ್ಚು. ಬಂದವರಿಗೆ ಕಾಫಿ ಕೊಡಲಾಗದ ಸಂಕಟ ಇದಕ್ಕಿಂತ ದೊಡ್ಡದು, ಮನೆಯೊಡತಿತನವನ್ನೇ ಕಳೆದುಕೊಂಡಂತೆ. ಫ್ಲಾಸ್ಕು, ಡಿಕಾಕ್ಷನ್, ಸಕ್ಕರೆ ಡಬ್ಬಿ, ನಾಲ್ಕು ಖಾಲಿ ಲೋಟ ಮೇಜಿನ ಮೇಲಿದ್ದರೆ ಕೂತಲ್ಲಿಂದಲೇ ಬೆರೆಸಿ ಕೊಡಬಹುದು. ನೆಂಟರೆದುರು ಎತ್ತಿ ಹೊಯ್ಯುವ ಪಟ್ಟನ್ನು ಬಿಟ್ಟು ಚಮಚದಲ್ಲಿ ಕದಡಿದರಾಯಿತು.

ಇಷ್ಟಾದರೂ ಚೆಲ್ಲುವುದು ಚೆಲ್ಲುತ್ತದೆ. ನೆಲಕ್ಕೆ ಬಿದ್ದದ್ದನ್ನು ಬಗ್ಗಿ ಒರೆಸಲು ಹೋಗಿ ಬೀಳಬಾರದು. ಉದ್ದ ಕೋಲಿನ ಮಾಪ್ ಕೈಗೆ ಸಿಗುವಲ್ಲಿರಲಿ, ಇಲ್ಲದಿದ್ದರೆ ಹಳೆಯ ಟವೆಲೊಂದನ್ನು ಅದರ ಮೇಲೆ ಎಸೆದು ಬೇರೆಯವರು ಬರುವವರೆಗೆ ಆ ದಾರಿ ಬಿಡಬೇಕು. ಮೈಮೇಲೆ ಬಿದ್ದರೆ ಬಟ್ಟೆಯನ್ನೂ ಬಳೆ ಉಂಗುರಗಳನ್ನೂ ತಕ್ಷಣ ತೆಗೆದು (ಚರ್ಮಕ್ಕೆ ಅಂಟಿದ್ದನ್ನು ಎಳೆಯದೆ) ಹರಿಯುವ ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ನಲ್ಲಿಯವರೆಗೆ ಓಡುವ ಕಾಲಿಲ್ಲದವರು ಪಕ್ಕದ ಬಾಟಲಿಗಳ ನೀರನ್ನೇ ಸುರಿದುಕೊಳ್ಳಲು ಶುರುಮಾಡಲಿ. ಗಂಜಿ, ಅಂಬಲಿಯಂಥ ಮಂದ ಪದಾರ್ಥ ಅಂಟಿಕೊಂಡು ಸುಡುತ್ತಲೇ ಇರುವುದರಿಂದ ಅದನ್ನು ನೀರಿನಿಂದ ತೊಳೆದು ತೆಗೆಯಬೇಕು. ಐಸು, ಟೂತ್‌ಪೇಸ್ಟ್, ಇಂಕು, ಎಣ್ಣೆ ಯಾವುದೂ ಬೇಡ. ಅಂಗೈಗಿಂತ ಅಗಲದ ಗಾಯ, ಮುಖ, ಕೈ, ಪಾದ, ಗುಪ್ತಾಂಗದ ಗಾಯ, ಬೆಳ್ಳಗಾಗಿ ನೋವೇ ಇಲ್ಲದ ಗಾಯ, ಸಕ್ಕರೆ ಕಾಯಿಲೆಯವರ ಯಾವುದೇ ಗಾಯವಾದರೂ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು.